ಹತ್ತರಿ ತಾಗದ ತೊಟ್ಟಿಲು

ಇದು ನಿಜವಾಗಿ ನಡೆದ ಕಥೆ. ನಂಬಿಕೆ ಬಾರದಿದ್ದರೆ ಚಳ್ಳಕೆರೆಯ ಮುರುಗೇಂದ್ರಪ್ಪನವರ ಎಣ್ಣೆ ಮಿಲ್ಲಿನ ಹಿಂದಿರುವ ಷೆಡ್ಡಿಗೆ ಹೋಗಿ, ಅಲ್ಲಿ ಗೋಡೆಗೆ ನೇತುಹಾಕಿರುವ ತಗಡಿನ ಲಾಳಿಕೆಯನ್ನು ಕೇಳಿ. ಅದು ಡಬ್ಬಕ್ಕೆ ಎಣ್ಣೆ ಸುರಿದದ್ದಕ್ಕಿಂತ ಬೆಂಕಿಗೆ ಎಣ್ಣೆ ಸುರಿದದ್ದೇ ಹೆಚ್ಚು!

1999. ಒಂದು ಭಾನುವಾರದ ಬೆಳಗ್ಗೆ.

"ನಿಲ್ಲಮ್ಮಾ!"

ಷೆಡ್ಡಿನ ಹೊಸ್ತಿಲು ದಾಟಲು ಎತ್ತಿದ ಕಾಂಚನಾಳ ಕಾಲು ಗಾಳಿಯಲ್ಲೇ ನಿಂತಿತು.

ಒಳಗೆ ಯಾರೂ ಕಾಣಲಿಲ್ಲ. ಹಲಗೆಗಳ ರಾಶಿಯ ಆಚೆಯಿಂದ ವಯಸ್ಸಾದ, ಮೂಗಿನಲ್ಲಿ ಗುಂಯ್ಗುಡುವ ದನಿ ಮಾತ್ರ ಕೇಳಿಸಿತು.

"ಮರಗೆಲಸ ಸಂಘಕ್ಕೆ ಸೇರೋಕೆ ಬಂದ್ಯಾ?"

"ಹೌದು... ಜಂಬುಲಿಂಗಪ್ಪ ಮೇಷ್ಟ್ರು ಅಲ್ವಾ?"

"ಮತ್ತೆ ಇನ್ಯಾರು? ಚಪ್ಪಲಿ ಬಿಡು. ಬಾಗಿಲ ಪಕ್ಕ ಹತ್ತರಿ ಐತೆ ನೋಡು, ಮರ ನುಣುಪು ಮಾಡೋದು. ಅದೇ ನಮ್ ಸಂಘದ ಮನೆದೇವ್ರು. ಕಣ್ಮುಚ್ಚಿ ಕೈಮುಗಿ. ಜೋರಾಗಿ ಹೇಳು... ತಾಯಿ ಹತ್ತರಿ, ಹತ್ತಿರ ಕರ್ಕೋ!"

ಅವಳು ಕಣ್ಣು ಮುಚ್ಚಿದಳು. ಭಕ್ತಿಯಿಂದಲೇ ಕೈಮುಗಿದಳು.

"ತಾಯಿ ಹತ್ತರಿ... ಹತ್ತಿರ ಕರ್ಕೋ..."

ಷೆಡ್ಡಿನ ತಗಡುಗಳು ಹಾರಿಹೋಗುವಂಥ ನಗು!

ಕಣ್ಣು ತೆರೆದಳು. ಕೈಯಲ್ಲಿ ಟೀ ಲೋಟ ಹಿಡಿದ ನಿಜವಾದ ಜಂಬುಲಿಂಗಪ್ಪ ಮೇಷ್ಟ್ರು ಅವಳ ಹಿಂದೆ, ಅಂಗಳದಲ್ಲಿ ನಿಂತಿದ್ದರು. ಹಲಗೆಗಳ ಆಚೆಯಿಂದ ಲಾಳಿಕೆಯನ್ನು ಬಾಯಿಂದ ತೆಗೆಯುತ್ತ ಎದ್ದು ನಿಂತವನು ಇಪ್ಪತ್ತೇಳರ ಯುವಕ. ಕಣ್ಣಿನ ತುಂಬ ಕಿಡಿಗೇಡಿತನ.

"ಲೇ ರುದ್ರಾ, ಬಂದ ದಿನಾನೇ ಏನ್ಲೇ ಇದು?" ಎಂದು ಮೇಷ್ಟ್ರ ಪಕ್ಕದಿಂದ ಬೈದ ಮಿಲ್ಲಿನ ಮುರುಗೇಂದ್ರಪ್ಪನವರಿಗೂ ನಗು ತಡೆಯಲಾಗದೆ ಹೊಟ್ಟೆ ಕುಲುಕುತ್ತಿತ್ತು. ಆ ಹೊಟ್ಟೆಯೋ, ಕುಲುಕಲು ಶುರುಮಾಡಿದರೆ ನಿಲ್ಲಲು ಹೊತ್ತು ಬೇಕಾಗುವಂಥದ್ದು.

ಕಾಂಚನಾಳ ಕಣ್ಣು ತುಂಬಿತು.

"ನಾನು ನಗಿಸೋಕೆ ಬಂದಿಲ್ಲ ಸಾರ್..." ದನಿ ನಡುಗಿತು. "ನಮ್ಮಕ್ಕನ ಮಗೂಗೆ ತೊಟ್ಟಿಲು ಮಾಡೋಕೆ ಬಂದೀನಿ."

ನಗು ನಿಂತಿತು. ತಿಪ್ಪೇರುದ್ರನ ಕೈಯಲ್ಲಿದ್ದ ಲಾಳಿಕೆ ಮೆಲ್ಲಗೆ ಕೆಳಗಿಳಿಯಿತು.

*

ಆ ಸಂಘ ಅಂಥ ದೊಡ್ಡದೇನೂ ಅಲ್ಲ. ಕೈಗೆ ಕೆಲಸ ಬೇಕೆನಿಸಿದ ಹತ್ತಾರು ಜನ ಭಾನುವಾರ ಸೇರುತ್ತಿದ್ದರು. ನಿವೃತ್ತ ಕ್ರಾಫ್ಟ್ ಮೇಷ್ಟ್ರು ಜಂಬುಲಿಂಗಪ್ಪನವರೇ ಗುರು. ಅಂಗನವಾಡಿಗೆ ಪುಟ್ಟ ಬೆಂಚು, ಬಸ್‌ಸ್ಟ್ಯಾಂಡಿನ ಪಾರಿವಾಳಗಳಿಗೆ ಗೂಡು, ಪುಸ್ತಕ ಇಟ್ಟು ಓದುವ ಮಣೆ... ಹೀಗೆ ಮಾಡಿದ್ದು ಬಹಳ. ಮಾಡಲು ಹೋಗಿ ಕೆಡಿಸಿದ್ದು ಇನ್ನೂ ಬಹಳ. ಗೋಡೆಯ ಮೇಲೆ ಮೇಷ್ಟ್ರು ಸುಣ್ಣದಲ್ಲಿ ಬರೆದಿದ್ದರು: 'ಅಳೆದವರು ಅಳುವುದಿಲ್ಲ'.

ಸಂಘಕ್ಕೆ ಇದ್ದದ್ದು ಒಂದೇ ಕಟ್ಟುನಿಟ್ಟಿನ ಶಾಸ್ತ್ರ. ಮನುಷ್ಯರ ಭಾರ ಹೊರುವ ಯಾವ ವಸ್ತುವೇ ಆಗಲಿ, ಮುರುಗೇಂದ್ರಪ್ಪನವರು ಅದರ ಮೇಲೆ ಕೂರದೆ ಷೆಡ್ಡು ಬಿಟ್ಟು ಹೊರಗೆ ಹೋಗುವಂತಿಲ್ಲ. ಅವರು ಕೂತು, ಎರಡು ಸಲ ಜಗ್ಗಿ, "ಹೂಂ, ಹೋಗ್ಲಿ" ಅಂದರೆ ಹೋಯಿತು. ಇಲ್ಲದಿದ್ದರೆ ಸೌದೆ ಒಲೆಗೆ ಹೋಯಿತು. ಇದಕ್ಕೆ 'ಕೂರಿಸೋ ಶಾಸ್ತ್ರ' ಎಂದೇ ಹೆಸರು.

ಕಾಂಚನಾ ಮೊಳಕಾಲ್ಮುರಿನವಳು, ಚಳ್ಳಕೆರೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಅವಳ ಅಕ್ಕ ತ್ರಿವೇಣಿಯನ್ನು ರಾಂಪುರಕ್ಕೆ ಕೊಟ್ಟಿತ್ತು. ಮದುವೆಯಾಗಿ ಬಹಳ ವರ್ಷದ ಮೇಲೆ ಈಗ ಬಸುರಿ. ತೊಟ್ಟಿಲು ತವರಿನಿಂದಲೇ ಹೋಗಬೇಕು. ಆದರೆ ಅಪ್ಪ ತೀರಿಕೊಂಡಿದ್ದ. ಅವನು ರೇಷ್ಮೆ ಸೀರೆ ನೇಯುತ್ತಿದ್ದ ಮಗ್ಗ ಬಿಚ್ಚಿ ಅಟ್ಟ ಸೇರಿತ್ತು.

'ಮೊದಲನೇ ಮೊಮ್ಮಗು ನನ್ನ ಮಗ್ಗದ ಮರದ ತೊಟ್ಟಿಲಲ್ಲೇ ತೂಗಬೇಕು' ಎಂದು ಅಪ್ಪ ಹೇಳುತ್ತಿದ್ದ.

ಆ ಮಾತೊಂದೇ ಅವಳ ಕೈಗೆ ಉಳಿ ಕೊಟ್ಟಿತ್ತು.

*

ಉಳಿ ಮಸೆಯುವುದನ್ನು ಕಲಿಸಿದವನು ತಿಪ್ಪೇರುದ್ರನೇ!

"ಕ್ಷಮಿಸಿ ಅಂತ ನಾನು ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ. ಯಾರ ದನೀಲಿ ಹೇಳಿದೆ ಅಂತ ಯೋಚ್ನೆ ಮಾಡ್ತೀರಿ" ಎಂದು ಮಸೆಗಲ್ಲು ಮುಂದಿಟ್ಟಿದ್ದ. "ಅದಕ್ಕೇ ಕೈಯಲ್ಲಿ ಹೇಳ್ತೀನಿ."

ರಾಂಪುರ ರಸ್ತೆಯಲ್ಲಿ ಅವನದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಯಾವ ಸದ್ದನ್ನೂ ಅವನ ಕಿವಿ ಬಿಡುತ್ತಿರಲಿಲ್ಲ, ಯಾವ ದನಿಯನ್ನೂ ಅವನ ಗಂಟಲು ಬಿಡುತ್ತಿರಲಿಲ್ಲ. ಬಸ್ ಕಂಡಕ್ಟರ್, ಮುರುಗೇಂದ್ರಪ್ಪ, ಕೆಟ್ಟ ಗಾಣ... ಎಲ್ಲರೂ ಅವನೊಳಗಿದ್ದರು.

'ಇಷ್ಟು ಜನರ ಮಧ್ಯೆ ಇವನು ಎಲ್ಲಿದಾನೋ?' ಎಂದು ಕಾಂಚನಾ ಯೋಚಿಸತೊಡಗಿದಳು. ಹಾಗೆ ಯೋಚಿಸುವುದು ಎಷ್ಟು ಅಪಾಯ ಎಂದು ಗಣಿತದ ಟೀಚರಿಗೆ ಲೆಕ್ಕ ಸಿಗಲಿಲ್ಲ!

ಭಾನುವಾರಕ್ಕೆ ಕಾಯುವುದು ಅಭ್ಯಾಸವಾಯಿತು. ಹೆಬ್ಬೆರಳಿಗೆ ಸುತ್ತಿಗೆ ಬಿದ್ದ ದಿನ ಅವನು ಓಡಿಬಂದು ಊದಿದ್ದು... ಆ ರಾತ್ರಿ ನೋವಿಗಿಂತ ಬೇರೆಯೇ ಏನೋ ಅವಳ ನಿದ್ದೆ ಕೆಡಿಸಿತು.

ಆದರೆ ಒಂದು ಸಂಜೆ ಎಲ್ಲ ಮುರಿದುಬಿತ್ತು.

ಮರೆತುಹೋದ ಕೊಡೆಗೆಂದು ವಾಪಸು ಬಂದವಳಿಗೆ ಷೆಡ್ಡಿನೊಳಗಿಂದ ಕೇಳಿಸಿದ್ದು ತನ್ನದೇ ದನಿ!

"ಇದು ನಮ್ಮಪ್ಪ ಸವರಿ ಸವರಿ ನುಣುಪು ಮಾಡಿದ ಮರ ಮೇಷ್ಟ್ರೇ... ಇದಕ್ಕೆ ಹತ್ತರಿ ಹೊಡೆಯಲ್ಲ... ಹೊಡೆದ್ರೆ ಅಪ್ಪನ ಕೈ ಹೋಗಿಬಿಡ್ತೈತೆ..."

ಅದೇ ನಡುಕ. ಅದೇ ಬಿಕ್ಕು. ತಿಪ್ಪೇರುದ್ರನ ಬಾಯಲ್ಲಿ! ಅದರ ಬೆನ್ನಿಗೇ ಮುರುಗೇಂದ್ರಪ್ಪನವರ ನಗು.

ಎಲ್ಲ ಮರಕ್ಕೂ ಹತ್ತರಿ ಹೊಡೆಯಲೇಬೇಕು ಎಂದು ಮೇಷ್ಟ್ರು ಬೆಳಗ್ಗೆ ಹಟ ಹಿಡಿದಾಗ ಅವಳು ಅತ್ತುಕೊಂಡು ಹೇಳಿದ ಮಾತದು.

'ನನ್ನ ಅಪ್ಪನನ್ನೂ ಬಿಡಲಿಲ್ಲವಲ್ಲ ಇವನು...'

ಕೊಡೆ ಅಲ್ಲೇ ಉಳಿಯಿತು. ಮರುವಾರದಿಂದ ಅವಳು ಅವನ ಕಡೆ ತಿರುಗಿ ನೋಡಲಿಲ್ಲ. ಅವನು ಏನೇ ಕೇಳಿದರೂ ಸುತ್ತಿಗೆಯೇ ಉತ್ತರ ಕೊಡುತ್ತಿತ್ತು.

ಆಶ್ಚರ್ಯವೆಂದರೆ, ಮೇಷ್ಟ್ರು ಮಾತ್ರ ಮೆತ್ತಗಾಗಿದ್ದರು. "ಆಯ್ತಮ್ಮ, ಅದೊಂದು ಮರಕ್ಕೆ ಹತ್ತರಿ ಬೇಡ" ಅಂದರು. ಅದು ನೇಯ್ದ ಸೀರೆ ಸುತ್ತಿಕೊಳ್ಳುತ್ತಿದ್ದ ಮರ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಾಂಚನಾ ಅದನ್ನೇ ತೊಟ್ಟಿಲು ತೂಗುಬೀಳುವ ಮೇಲಿನ ಅಡ್ಡತೊಲೆ ಮಾಡಿದಳು. ಬಸ್ಸಿನ ಮೇಲೆ ಬಿಚ್ಚಿ ಸಾಗಿಸಲು ಬರಲಿ ಎಂದು ಅಂಟು ಹಾಕದೆ, ಬೆಣೆ ಬಡಿದು ನಿಲ್ಲಿಸುವ ಹಾಗೆ ಜೋಡಿಸಿದಳು.

ಹೆಣ್ಣು ಮಗು ಹುಟ್ಟಿತು. ನಾಮಕರಣ ಮುಂದಿನ ಸೋಮವಾರ ಎಂದಿದ್ದದ್ದು, ಮಠದ ಸ್ವಾಮಿಗಳು ಊರಿಗೆ ಬರುತ್ತಾರೆಂದು ಇದೇ ಶುಕ್ರವಾರಕ್ಕೆ ಬಂತು.

ಮುರುಗೇಂದ್ರಪ್ಪನವರು ನೆಂಟರ ಮದುವೆಗೆ ದಾವಣಗೆರೆಗೆ ಹೋಗಿದ್ದರು. ಮೇಷ್ಟ್ರು ಜ್ವರ ಬಂದು ಮಲಗಿದ್ದರು.

ಕೂರಿಸೋ ಶಾಸ್ತ್ರ ಆಗಲೇ ಇಲ್ಲ.

*

ಬುಧವಾರ ಮಧ್ಯಾಹ್ನ ಅವಳು ತೊಟ್ಟಿಲು ಬಿಚ್ಚಲು ಬಂದಾಗ ತಿಪ್ಪೇರುದ್ರ ಅಲ್ಲಿದ್ದ. ಅಡ್ಡತೊಲೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಟಕ್... ಟಕ್... ಟೊಪ್.

"ಕಾಂಚನಾ ಅವ್ರೇ, ಇದನ್ನ ತಗೊಂಡು ಹೋಗ್ಬೇಡಿ."

"ಯಾಕೆ?"

"ಈ ತೊಲೆ ಎರಡು ದನೀಲಿ ಮಾತಾಡ್ತೈತೆ. ಆ ಕಡೆ ಗಟ್ಟಿ ಐತೆ, ನಡುವೆ ಟೊಳ್ಳು. ಕೇಳಿ... ಟೊಪ್ ಅಂತು ನೋಡಿ."

ಅವಳು ನಕ್ಕಳು. ನಗುವಿನಲ್ಲಿ ಮೊನೆಯಿತ್ತು.

"ಇವತ್ತು ಮರದ ದನೀನಾ? ಮನುಷ್ಯರದ್ದೆಲ್ಲ ಮುಗೀತಾ?"

"ತಮಾಷೆ ಅಲ್ರೀ! ಒಂದೇ ಒಂದು ಸಾರಿ ಹತ್ತರಿ ಎಳೆದು ನೋಡಣ. ಒಳಗೇನೈತೆ ಗೊತ್ತಾಗ್ತೈತೆ."

"ಕೈಮುಗಿದು ಎಳೀಬೇಕಾ, ಹಂಗೇ ಎಳೀಬೇಕಾ?"

ಅವನ ಮುಖ ಕಪ್ಪಿಟ್ಟಿತು.

"ನನ್ನ ದನಿ ಮಾಡಿ ನಗಿಸಿದ್ದಾಯ್ತು" ಎಂದಳು. ಕಣ್ಣು ಉರಿಯುತ್ತಿತ್ತು. "ಇನ್ನೇನು, ನಮ್ಮಪ್ಪನ ದನೀನೂ ಮಾಡ್ತೀರಾ? ಮಾಡಿ! ಸತ್ತೋರು ಬಂದು ಬೈಯಲ್ಲ ಬಿಡಿ..."

ತಿಪ್ಪೇರುದ್ರನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ. ಅವನದೂ ಕೂಡ.

ಮರದ ಕಟ್ಟು ಹೊತ್ತ ಆಟೋ ಬಸ್‌ಸ್ಟ್ಯಾಂಡಿನ ಕಡೆ ತಿರುಗುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಅವಳು ಷೆಡ್ಡಿನಲ್ಲಿ ಬಿಟ್ಟುಹೋಗಿದ್ದ ಮಗ್ಗದ ಇನ್ನೊಂದು ಕಂಬವನ್ನು ನೋಡಿದ. ಅಂಗಿಯ ತೋಳು ಮಡಚಿದ.

*

ರಾಂಪುರ. ಶುಕ್ರವಾರ.

ಪಡಸಾಲೆ ತುಂಬ ಹೆಂಗಸರು. ನಡುವೆ ತೊಟ್ಟಿಲು.

"ಏನವ್ವಾ ಕಾಂಚನಾ, ನೀನೇ ಉಳಿ ಹಿಡಿದ್ಯಂತೆ?" ಅಕ್ಕನ ಅತ್ತೆ ದ್ರಾಕ್ಷಾಯಣಮ್ಮ ತೊಲೆಯನ್ನು ಮೇಲಿಂದ ಕೆಳಗೆ ನೋಡಿದರು. "ಇದು ಮಗು ಮಲಗಿಸೋದೋ, ಒಲೆಗೆ ಇಡೋದೋ?"

ತ್ರಿವೇಣಿ ತಲೆ ತಗ್ಗಿಸಿದಳು. ಅವ್ವ ಚಿನ್ನಕ್ಕ ಸೆರಗಿನ ತುದಿ ಹಿಂಡುತ್ತಿದ್ದಳು. 'ದೇವುಡಾ, ಮಾನ ಕಾಪಾಡು' ಎಂದು ತುಟಿ ಮಾತ್ರ ಆಡುತ್ತಿತ್ತು.

ಪದ್ಧತಿಯಂತೆ ಮೊದಲು ಒಳಕಲ್ಲಿನ ಗುಂಡುಕಲ್ಲಿಗೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಇಟ್ಟರು. ತೂಗಿದರು.

ಕಾಂಚನಾ ಎಣಿಸಿದಳು. ಒಂದು ತೂಗು... ಇನ್ನೊಂದು... ತೊಲೆ ಅಲುಗಲಿಲ್ಲ!

'ನೋಡು! ಎರಡು ದನಿಯಂತೆ! ಸುಳ್ಳುಗಾರ!' ಗೆದ್ದ ಖುಷಿಯಲ್ಲೂ ಯಾಕೋ ಎದೆ ಭಾರವಾಯಿತು.

ಗುಂಡು ತೆಗೆದರು. ದ್ರಾಕ್ಷಾಯಣಮ್ಮನ ಮುಖ ಕೊಂಚ ಸಡಿಲವಾಯಿತು. ತ್ರಿವೇಣಿ ಮಗುವನ್ನು ಎತ್ತಿ ತೊಟ್ಟಿಲ ಕಡೆ ಬಾಗಿದಳು.

"ತಡೀರಿ!"

ಬಾಗಿಲಲ್ಲಿ ತಿಪ್ಪೇರುದ್ರ! ಮೈಯೆಲ್ಲ ಧೂಳು. ಹೊರಗೆ ಅವನ ಸ್ಕೂಟರಿನ ಪಕ್ಕಕ್ಕೆ ಉದ್ದಕ್ಕೆ ಏನೋ ಕಟ್ಟಿತ್ತು.

"ಮಗೂನ ಹಾಕ್ಬೇಡಿ... ದಯವಿಟ್ಟು..."

"ಯಾರಪ್ಪಾ ನೀನು?" ದ್ರಾಕ್ಷಾಯಣಮ್ಮ ಎದ್ದು ನಿಂತರು. "ಶುಭಕಾರ್ಯದ ಹೊತ್ತಲ್ಲಿ ಅಪಶಕುನ ನುಡೀತೀಯಲ್ಲ!"

ಪಡಸಾಲೆಯ ಕಣ್ಣುಗಳೆಲ್ಲ ಕಾಂಚನಾಳ ಕಡೆ ತಿರುಗಿದವು. ಇವನನ್ನು ಹೊರಗೆ ಕಳಿಸಿದರೆ ತವರಿನ ಮಾನ ಉಳಿಯುತ್ತದೆ. ಇವನ ಮಾತು ಕೇಳಿದರೆ ತನ್ನ ಕೆಲಸವನ್ನು ತಾನೇ ನಂಬಲಿಲ್ಲ ಎಂದಾಗುತ್ತದೆ. ಅಕ್ಕ ಜೀವಮಾನವಿಡೀ ಕುಟುಕು ಮಾತು ಕೇಳಬೇಕು.

ಆದರೆ ಆ ದನಿ...

ಒಡೆದ ದನಿ. ಹೆದರಿದ ದನಿ. ಈ ದನಿಯನ್ನು ಅವಳು ಇದುವರೆಗೆ ಕೇಳಿರಲೇ ಇಲ್ಲ!

"ಇದು ಯಾರ ದನಿ?" ಮೆಲ್ಲಗೆ ಕೇಳಿದಳು.

ಅವನಿಗೆ ಅರ್ಥವಾಯಿತು.

"ನಂದೇ."

ಕಾಂಚನಾ ಅಕ್ಕನ ಕೈಯಿಂದ ಮಗುವನ್ನು ತೆಗೆದು ದ್ರಾಕ್ಷಾಯಣಮ್ಮನ ಮಡಿಲಿಗೆ ಕೊಟ್ಟಳು.

"ಅತ್ತೆ, ನಮ್ಮ ಸಂಘದ್ದೊಂದು ಶಾಸ್ತ್ರ ಉಳಿದೈತೆ. ಒಂದು ನಿಮಿಷ." ಅವನ ಕಡೆ ತಿರುಗಿದಳು. "ಕೂತ್ಕೊಳ್ರಿ."

"ತೊಟ್ಟಿಲಲ್ಲಾ?"

"ಹೂಂ."

ಹೆಂಗಸರು ಕಿಸಕ್ಕೆಂದರು. ಆರಡಿ ಆಳು ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ತೊಟ್ಟಿಲಲ್ಲಿ ಮುದುಡಿ ಕೂತ. ಬೇರೆ ದಿನವಾಗಿದ್ದರೆ ಅವನೇ ಮೊದಲು ಮಗುವಿನ ಹಾಗೆ ಅಳುತ್ತಿದ್ದ. ಇವತ್ತು ತುಟಿ ಬಿಗಿದಿದ್ದ.

ಕಾಂಚನಾ ತಾನೇ ತೂಗಿದಳು.

ಒಂದು... ಎರಡು...

ಕಿರ್‌ರ್...

ಮೂರು...

ಟಪ್!

ತೊಲೆ ನಡುವಿನಲ್ಲೇ ಮುರಿಯಿತು. ತೊಟ್ಟಿಲು, ತಿಪ್ಪೇರುದ್ರ ಎರಡೂ ನೆಲದ ಕಲ್ಲುಹಾಸಿನ ಮೇಲೆ ದೊಪ್ಪನೆ ಬಿದ್ದವು. ಮುರಿದ ತೊಲೆಯ ಬಾಯಿಂದ ಕೆಂಪು ಪುಡಿ ಸುರಿಯಿತು.

ಕಾಂಚನಾ ಅದನ್ನು ಅಂಗೈಗೆ ತೆಗೆದುಕೊಂಡಳು. ಅರಗು.

ಅಪ್ಪ ಯಾವ ಕಾಲದಲ್ಲೋ ಮಗ್ಗದ ಹಳೇ ತೂತಿಗೆ ಅರಗು, ಮರದ ಪುಡಿ ತುಂಬಿದ್ದ. ರೇಷ್ಮೆ ಎಳೆ ಸಿಕ್ಕಬಾರದೆಂದು ದಿನಾ ಎಣ್ಣೆ ಸವರಿ ಉಜ್ಜಿದ್ದ. ನೇಕಾರರ ಮನೆಯಲ್ಲಿ ಎಲ್ಲರೂ ಮಾಡುವುದೇ. ಸೀರೆಗೆ ಅದು ಸಾಕಿತ್ತು. ಒಂದೇ ಒಂದು ಸಲ ಹತ್ತರಿ ಎಳೆದಿದ್ದರೆ ಆ ಕೆಂಪು ಕಲೆ ಕಂಡುಬಿಡುತ್ತಿತ್ತು...

'ದಿನಾ ತೂಗಿದ್ದರೆ ಒಂದಲ್ಲ ಒಂದು ದಿನ... ಅಪ್ಪನ ಕೈ ಉಳಿಸಿಕೊಳ್ಳಲು ಹೋಗಿ, ಅಪ್ಪನ ಮೊಮ್ಮಗಳನ್ನೇ...' ಮುಂದೆ ಯೋಚಿಸಲಾಗಲಿಲ್ಲ. ಕುಸಿದು ಕೂತಳು.

ದ್ರಾಕ್ಷಾಯಣಮ್ಮ ಮಗುವನ್ನು ಎದೆಗೆ ಅವುಚಿಕೊಂಡಿದ್ದರು.

ತಿಪ್ಪೇರುದ್ರ ಸೊಂಟ ಹಿಡಿದುಕೊಂಡು ಹೊರಗೆ ಹೋದ. ಸ್ಕೂಟರಿಗೆ ಕಟ್ಟಿದ್ದನ್ನು ಬಿಚ್ಚಿ ತಂದು ಅವಳ ಮುಂದಿಟ್ಟ. ಹೊಸ ಅಡ್ಡತೊಲೆ. ಅದೇ ಅಳತೆ.

"ಇದೂ ನಿಮ್ಮಪ್ಪನ ಮಗ್ಗದ್ದೇ. ಷೆಡ್ಡಲ್ಲಿ ಬಿಟ್ಟು ಬಂದಿದ್ರಿ." ಅವನು ಅವಳ ಮುಖ ನೋಡಲಿಲ್ಲ. "ಇದಕ್ಕೆ ಹತ್ತರಿ ಹೊಡೆದೀನಿ. ಕ್ಷಮಿಸ್ಬೇಕು."

ಅವಳು ಕಣ್ಣೊರೆಸಿಕೊಂಡಳು. ಸುತ್ತಿಗೆ ಎತ್ತಿಕೊಂಡಳು. ಅವನು ತೊಲೆ ಹಿಡಿದ, ಅವಳು ಬೆಣೆ ಬಡಿದಳು. ಟಕ್... ಟಕ್... ಟಕ್. ಈ ಸಲ ಒಂದೇ ದನಿ.

"ಸರೀರಿ ಎಲ್ಲ!" ದ್ರಾಕ್ಷಾಯಣಮ್ಮ ಮಗುವನ್ನು ಸೊಸೆಗೆ ಕೊಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅವರೂ ಮುರುಗೇಂದ್ರಪ್ಪನವರಿಗೆ ಕಡಿಮೆ ಇಲ್ಲದ ಆಳು! ಎರಡೂ ಕೈಯಲ್ಲಿ ತೊಲೆ ಹಿಡಿದು, ಕಾಲು ಮೇಲೆತ್ತಿ ಜೋತುಬಿದ್ದರು. "ಬೀಗರ ಮನೆ ಶಾಸ್ತ್ರ ಅಂದ್ಮೇಲೆ ಶಾಸ್ತ್ರ!"

ತೊಲೆ ಉಸಿರೆತ್ತಲಿಲ್ಲ.

"ಹಾಕ್ರವ್ವಾ ಮಗೂನ. ಇದು ನಮ್ಮ ಮನೇಲಿ ಇನ್ನೂ ನಾಕು ತಲೆಮಾರು ತೂಗ್ತೈತೆ."

ಹಾಡು ಶುರುವಾಯಿತು. ಕಾಂಚನಾ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಸ್ಕೂಟರಿನ ಸದ್ದು ಮಾತ್ರ.

*

ಮುಂದಿನ ಭಾನುವಾರ ಅವನು ಸಂಘಕ್ಕೆ ಬರಲಿಲ್ಲ. ಅದರಾಚೆಯ ಭಾನುವಾರವೂ.

"ಅಂಗಡೀಲೂ ಬಾಯಿ ಬಿಡಲ್ಲ ಕಣಮ್ಮ" ಮೇಷ್ಟ್ರು ನಿಟ್ಟುಸಿರಿಟ್ಟರು. "ಯಾರ ದನೀನೂ ಮಾಡಲ್ವಂತೆ ಇನ್ನು."

"ನನ್ನ ದನಿ ಮಾಡಿ ನಗಿಸಿದ್ರು ಮೇಷ್ಟ್ರೇ, ಅದಕ್ಕೇ ನಾನು..."

"ನಗಿಸೋಕಾ?" ಮೇಷ್ಟ್ರು ಉಳಿ ಕೆಳಗಿಟ್ಟರು. "ಅವತ್ತು ನಾನು ಹತ್ತರಿ ಹೊಡೀಲೇಬೇಕು ಅಂತ ಹಟ ಮಾಡಿದ್ದೆ. ಅವನು ನಿನ್ನ ಪರ ವಾದಕ್ಕೆ ನಿಂತ. 'ನನ್ನ ಮಾತಲ್ಲಿ ಹೇಳಿದ್ರೆ ನಿಮಗೆ ಅರ್ಥ ಆಗಲ್ಲ, ಆ ಹುಡುಗಿ ಹೆಂಗೆ ಹೇಳಿದ್ಲು ಕೇಳಿ' ಅಂತ ಹೇಳಿ ತೋರಿಸ್ದ. ನನಗೆ ಕಣ್ಣಲ್ಲಿ ನೀರು ಬಂತು, ಒಪ್ಕೊಂಡೆ. ಅದನ್ನ ನೋಡಿ ಈ ಮುರುಗೇಂದ್ರಪ್ಪ, 'ಮೇಷ್ಟ್ರನ್ನೂ ಅಳಿಸಿಬಿಟ್ಯಲ್ಲೋ' ಅಂತ ನಕ್ಕ!"

ಕಾಂಚನಾ ಗೋಡೆಗೆ ಒರಗಿದಳು.

ಅವನು ಬೇಡಿದ್ದು ತನಗಾಗಿ! ಆ ತೊಲೆ ಹತ್ತರಿ ತಪ್ಪಿಸಿಕೊಂಡದ್ದೂ ಅವನ ಮಾತಿನಿಂದಲೇ... ಅದಕ್ಕೇ ಆ ಹೆದರಿಕೆ. ಅದಕ್ಕೇ ಅಷ್ಟು ದೂರ ಓಡಿಬಂದದ್ದು.

ಅವಳ ಕಣ್ಣು ಗೋಡೆಯ ಲಾಳಿಕೆಯ ಮೇಲೆ ನಿಂತಿತು.

*

ಅವನು ಬಂದದ್ದು ತನ್ನ ಉಳಿ, ಗರಗಸ ವಾಪಸು ಒಯ್ಯಲು.

"ನಿಲ್ಲಪ್ಪಾ!"

ಹಲಗೆಗಳ ಆಚೆಯಿಂದ ಮೂಗಿನಲ್ಲಿ ಗುಂಯ್ಗುಡುವ ದನಿ. ತಿಪ್ಪೇರುದ್ರನ ಕಾಲು ಹೊಸ್ತಿಲಲ್ಲೇ ನಿಂತಿತು.

"ಸಂಘ ಬಿಡ್ತೀಯಂತೆ? ಹತ್ತರಿಗೆ ಕೈಮುಗಿ. ಕಣ್ಮುಚ್ಚು. ಕಾರಣ ಏನು ಅಂತ ಜೋರಾಗಿ ಹೇಳು!"

ಅವನು ಕೈಮುಗಿದ. ಕಣ್ಣು ಮುಚ್ಚಿದ.

"ಮೇಷ್ಟ್ರೇ... ಊರಿನ ದನಿ ಎಲ್ಲ ಮಾಡಿದೆ. ಒಬ್ಬಳ ಮುಂದೆ ನನ್ನ ದನೀಲೇ ಒಂದು ಮಾತು ಹೇಳ್ಬೇಕಿತ್ತು. ಅದೊಂದು ಬರಲಿಲ್ಲ. ಕಾಂಚನಾ ಅಂದ್ರೆ ನನಗೆ ಜೀವ ಮೇಷ್ಟ್ರೇ. ಅವಳು ಬಡಿದ ಬೆಣೆ ಇಲ್ಲೈತೆ, ಎದೇಲಿ. ಕೀಳೋಕೆ ಆಗ್ತಿಲ್ಲ. ಅದಕ್ಕೇ ದೂರ ಹೋಗ್ತೀನಿ..."

ಲಾಳಿಕೆ ಠಣ್ ಎಂದು ನೆಲಕ್ಕೆ ಬಿತ್ತು.

ಕಾಂಚನಾ ಎದ್ದು ನಿಂತಳು. ಮುಖ ಕೆಂಪು, ಕಣ್ಣು ತುಂಬ ನೀರು. ಆದರೂ ಗೆದ್ದ ಜಂಬ!

"ಮೋಸ ಹೋದ್ರಾ? ಮೇಷ್ಟ್ರು ಅಂದ್ಕೊಂಡ್ರಾ?"

ಅವನು ಕಣ್ಣು ತೆರೆದ. ಬಹಳ ದಿನಗಳ ಮೇಲೆ ಆ ಹಳೇ ಕಿಡಿಗೇಡಿತನ ಮೆಲ್ಲಗೆ ಹೊತ್ತಿಕೊಂಡಿತು.

"ಮೇಷ್ಟ್ರು ಬಾಯಿ ತೆಗೆಯೋಕೆ ಮುಂಚೆ ಕೆಮ್ತಾರೆ. ಇವತ್ತು ಕೆಮ್ಮಲಿಲ್ಲ... ಬಳೆ ಸರಿ ಮಾಡ್ಕೊಂಡ್ರು."

"ಅಂದ್ರೆ... ಮೊದಲೇ ಗೊತ್ತಿತ್ತಾ?!"

"ನಿಲ್ಲಪ್ಪಾ ಅನ್ನೋಕೂ ಮುಂಚೆ."

"ಗೊತ್ತಿದ್ದೂ... ಅಷ್ಟೆಲ್ಲ..."

"ನಿಮ್ಮ ಮುಂದೆ ಹೇಳೋಕೆ ಧೈರ್ಯ ಇರಲಿಲ್ಲ. ಮೇಷ್ಟ್ರಿಗೆ ಹೇಳ್ದಂಗೆ ಹೇಳ್ಬಿಟ್ಟೆ."

ಹೊರಗಿನಿಂದ ದೊಡ್ಡದೊಂದು ಹೊಟ್ಟೆ ಕುಲುಕಿದ ಸದ್ದು. ಕಿಟಕಿಯಲ್ಲಿ ಮುರುಗೇಂದ್ರಪ್ಪ, ಮೇಷ್ಟ್ರು ಇಬ್ಬರ ಮುಖ!

"ಅಮ್ಮಾ, ಬಳೆ ತೆಗೆದಿಡು ಅಂತ ನಿನಗೆ ಹೇಳೋಣ ಅಂದ್ಕೊಂಡೆ" ಎಂದರು ಮೇಷ್ಟ್ರು. "ಈ ಮುರುಗೇಂದ್ರಪ್ಪ ಬಾಯಿ ಮುಚ್ಚಿಸ್ದ."

"ಹೇಳಿದ್ರೆ ಈ ಹುಡುಗ ಬಾಯಿ ಬಿಡ್ತಿದ್ನೇನ್ರೀ?" ಎಂದರು ಮುರುಗೇಂದ್ರಪ್ಪ. "ಲೇ ರುದ್ರಾ, ಮುಂದಿನ ಕೆಲಸ ಎರಡು ಹಸೆಮಣೆ. ಈಗ್ಲೇ ಹೇಳಿರ್ತೀನಿ, ನಾನು ಕೂರದೆ ನೀವು ಕೂರಂಗಿಲ್ಲ!"

ಮದುಮಕ್ಕಳ ಮಣೆಯ ಮೇಲೆ ಮೊದಲು ಮುರುಗೇಂದ್ರಪ್ಪ ಕೂತು ಜಗ್ಗುವುದು ಕಣ್ಣಿಗೆ ಕಟ್ಟಿತು ನೋಡಿ... ಕಾಂಚನಾಳ ಬಾಯಿಂದ ನಗು ಚಿಮ್ಮಿತು. ಬಲೆ ಹೆಣೆದವಳು ತಾನು, ಬಿದ್ದವಳೂ ತಾನು! ಹೊಟ್ಟೆ ಹಿಡಿದುಕೊಂಡು, ಹಲಗೆಗೆ ಒರಗಿ, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕಳು. ಆ ಷೆಡ್ಡಿನಲ್ಲಿ ಅಂಥ ನಗು ಹಿಂದೆ ಯಾರೂ ನಕ್ಕಿರಲಿಲ್ಲ.

ನಗು ಇಳಿದಾಗ ಅವನು ಹತ್ತಿರ ಬಂದಿದ್ದ.

"ನಿಮ್ಮ ಅವ್ವನ್ನ ಕೇಳ್ಬೇಕಲ್ಲ?"

"ಕೇಳಿ ಆಯ್ತು. 'ಮಂಚಿ ಪಿಲ್ಲೋಡೇ' ಅಂದ್ಲು. ಅವ್ವ ಯಾರನ್ನಾದ್ರೂ ಒಳ್ಳೇ ಹುಡುಗ ಅಂತ ತೆಲುಗಲ್ಲಿ ಅಂದ್ರೆ ಮನಸಾರೆ ಅಂದಂಗೆ."

"ಹಂಗಾದ್ರೆ... ಮಣೆಗೆ ಹತ್ತರಿ ನಾನು ಹೊಡೀಲಾ?"

ಕಾಂಚನಾ ಬಾಗಿಲ ಪಕ್ಕದ ಹತ್ತರಿ ಎತ್ತಿಕೊಂಡಳು.

"ಬೇಡ. ಈ ಸಾರಿ ನಾನೇ ಹೊಡೀತೀನಿ. ನೀವು ಪಕ್ಕದಲ್ಲಿ ಕೂತು ಕೇಳ್ತಿರಿ... ಮರ ಏನ್ ಹೇಳ್ತೈತೆ ಅಂತ."